ತವರಿನ ಬಟ್ಟೆಗೆ ಕತ್ತರಿ

ಯುದ್ಧದ ಕಾಲ. ಮಾನ್ವಿಯಲ್ಲಿ ಬಟ್ಟೆಗೂ ಕಂಟ್ರೋಲು ಬಂದಿತ್ತು. ಮೈ ಮುಚ್ಚಲು ಬಟ್ಟೆ ಕೇಳಿದರೆ ಕಚೇರಿಯವರು ಕೈ ಆಡಿಸುತ್ತಿದ್ದರು. ಹೆಣ ಮುಚ್ಚಲು ಕೇಳಿದರೆ ಮಾತ್ರ ಪರವಾನಗಿ ಬರೆದುಕೊಡುತ್ತಿದ್ದರು. ಬದುಕಿದವರಿಗಿಲ್ಲದ ಮರ್ಯಾದೆ ಸತ್ತವರಿಗೆ! ಅದೇ ವರ್ಷ ಪ್ಲೇಗೂ ಬಂತು. ಅದಕ್ಕೆ ಯಾರ ಪರವಾನಗಿಯೂ ಬೇಕಾಗಲಿಲ್ಲ.

ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಈ ಸಲದ್ದು ಕೆಮ್ಮಿನ ಪ್ಲೇಗು. ರೋಗಿಯನ್ನೋ ಹೆಣವನ್ನೋ ಮುಟ್ಟುವವರು ಮೂರು ಪದರದ ಪಟ್ಟಿಯಿಂದ ಮೂಗು ಬಾಯಿ ಕಟ್ಟಿಕೊಳ್ಳಲೇಬೇಕೆಂದು ರಾಯಚೂರಿನ ಡಾಕ್ಟರು ಹೇಳಿಕಳಿಸಿದ್ದರು. ಮೇಷ್ಟರ ಹೆಂಡತಿ ಅಹಲ್ಯಾಬಾಯಿ ತಮ್ಮ ಸೀರೆಗಳನ್ನೇ ಹರಿದು ಬೇವಿನ ನೆರಳಲ್ಲಿ ಹೊಲಿಯಲು ಕುಳಿತರು. ಕೇರಿಯ ಗೋಪಮ್ಮ ಅವರ ಪಕ್ಕದಲ್ಲೇ ಕುಳಿತಳು. ಮಡಿ ಊರೊಳಗಿನ ಮನೆಯಲ್ಲೇ ಉಳಿದಿತ್ತೋ ಏನೋ, ಯಾರೂ ಕೇಳಲಿಲ್ಲ.

ಹೊಲಿದ ಪಟ್ಟಿಗಳನ್ನೆಲ್ಲ ಕಚೇರಿಯ ಗುಮಾಸ್ತರೂ ಜವಾನರೂ ಒಯ್ದರು. ಹೆಣದ ಹತ್ತಿರಕ್ಕೂ ಬಾರದವರ ಮೂಗಿಗೆ ಮೂರು ಪದರ. ಹೆಣ ಹೊರುವ ಕೇರಿಯ ಗಂಡಸರ ಮೂಗಿಗೆ ಬರೀ ಗಾಳಿ. ಹೋದ ವಾರ ಹೊತ್ತು ಬಂದ ತಾಯಣ್ಣ ಮಲಗಿದವನು ಏಳಲೇ ಇಲ್ಲ. ಅವನ ಜೋಡಿ ಹೆಗಲು ಕೊಡುತ್ತಿದ್ದವನು ಗೋಪಮ್ಮನ ಗಂಡ ಅಯ್ಯಣ್ಣ. ಗಂಡ ಗಂಟಲು ಸರಿಮಾಡಿಕೊಂಡರೂ ಆಕೆ ಸೂಜಿ ನಿಲ್ಲಿಸಿ ತಿರುಗಿ ನೋಡುತ್ತಿದ್ದಳು. ಕತ್ತರಿ ಇತ್ತು, ದಾರವಿತ್ತು, ಬಟ್ಟೆ ಮುಗಿದಿತ್ತು.

ಅಷ್ಟರಲ್ಲಿ ಗೋಪಮ್ಮನ ಅತ್ತೆ ಯಮನಮ್ಮ ಅದೇ ಪ್ಲೇಗಿಗೆ ಹೋದಳು. ಅಕ್ಕನನ್ನು ನೋಡಲು ದೇವದುರ್ಗದಿಂದ ಬಂದಿದ್ದ ಉರುಕುಂದಪ್ಪ ಕಚೇರಿಗೆ ಹೋಗಿ, ಪರವಾನಗಿ ಹಿಡಿದು, ಬಿಳಿ ಬಟ್ಟೆ ತಂದ. ಸತ್ತ ಹೆಣ್ಣಿಗೆ ತವರಿನ ಬಟ್ಟೆ ಹೊದಿಸದೆ ಮಣ್ಣು ಮಾಡುವುದುಂಟೇ? ಅವನು ಅದನ್ನು ಇಟ್ಟು ನೀರು ಕುಡಿಯಲು ಆಚೆ ತಿರುಗಿದ. ಗೋಪಮ್ಮ ಕತ್ತರಿ ಹಾಕಿಬಿಟ್ಟಳು.

“ಏ ಗೋಪಿ! ಹೆಣದ ಬಟ್ಟಿಗೆ ಕತ್ತರಿ ಹಾಕ್ತೀಯಾ? ನಮ್ಮಕ್ಕನ್ನ ಬರೀ ಮೈಲೆ ಕಳಸ್ತೀಯೇನು?”

“ಬರೀ ಮೈಲೆ ಯಾಕ್ರಿ ಮಾವಾ? ಉಟ್ಟ ಸೀರಿ ಅದ. ಈ ಬಟ್ಟಿ ಹೊರೋರ ಬಾಯಿಗೆ ಬೇಕು.”

“ನಿಮ್ಮತ್ತಿ ಆತ್ಮ ಸುಮ್ನಿರ್ತದೇನು?”

“ಮುನಿಸಿಕೊಂಡ್ರ ಮುನಿಸಿಕೊಳ್ಳಲಿ. ಅಲ್ಲಿ ಹೋದಾಗ ಕಾಲು ಹಿಡೀತೀನಿ. ಈಗ ಕೈ ಖಾಲಿ ಇಲ್ಲ.”

ಉರುಕುಂದಪ್ಪ ಅಹಲ್ಯಾಬಾಯಿಯ ಕಡೆ ತಿರುಗಿದ. “ನೀವರ ಹೇಳ್ರಿ, ಬಾಯಾರ.”

“ಗೋಪಮ್ಮ, ಲಾಡಿ ಸ್ವಲ್ಪ ಉದ್ದ ಬಿಡವಾ,” ಅಂದರು ಅವರು.

ಗೋಪಮ್ಮನಿಗೆ ಭಯವಿರಲಿಲ್ಲ ಅಂತಲ್ಲ. ಭಯಕ್ಕಿಂತ ಸಿಟ್ಟು ದೊಡ್ಡದಿತ್ತು. ಅಯ್ಯಣ್ಣ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ತನ್ನ ಮುಖ ಮುಂದೆ ಚಾಚಿದ. ಆಕೆ ಪಟ್ಟಿ ಕಟ್ಟಿದಳು. ಉಳಿದ ಹೊರುವವರೂ ಒಬ್ಬೊಬ್ಬರಾಗಿ ಬಂದರು.

ಉರುಕುಂದಪ್ಪ ನೇರ ಚಟ್ಟದ ಕಡೆ ನಡೆದ. ಗೋಪಮ್ಮ ಅಡ್ಡ ನಿಂತಳು.

“ಪಟ್ಟಿ ಕಟ್ಟಿಕೊಳ್ಳದ ಮುಟ್ಟಬ್ಯಾಡ್ರಿ.”

“ಒಡಹುಟ್ಟಿದಾಕಿಗೆ ಹೆಗಲು ಕೊಡಾಕ ನಿನ್ನ ಅಪ್ಪಣಿ ಬೇಕೇನಲೇ?”

“ಬೇಕು. ತವರಿನ ಮರ್ಯಾದಿ ಅಷ್ಟು ದೊಡ್ಡದಿದ್ರ, ತಲಿ ಮ್ಯಾಲಿನ ರುಮಾಲು ಬಿಚ್ಚಿ ಹೊದಿಸ್ರಿ.”

ಗಂಡಸಿನ ರುಮಾಲಿನ ತಂಟೆಗೆ ಹೋದ ಮಾತಿಗೆ ತಲೆಗಳೇ ಉರುಳಿದ್ದುಂಟು. ಉರುಕುಂದಪ್ಪ ಕೈ ಎತ್ತಿದ. ಆಕೆ ಅಲುಗಲಿಲ್ಲ. ಎತ್ತಿದ ಕೈ ಅವನ ತಲೆಗೇ ಹೋಯಿತು. ಸುತ್ತು ಸುತ್ತಾಗಿ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು, ನರೆತ ಬರಿದಲೆಯನ್ನು ಸೊಸೆಯ ಮುಂದೆ ಬಗ್ಗಿಸಿದ. ಗೋಪಮ್ಮನ ಕಣ್ಣಲ್ಲಿ ನೀರು ದಳದಳ ಇಳಿಯಿತು. ಪಟ್ಟಿಯ ಗಂಟನ್ನು ಮಾತ್ರ ಬಿಗಿಯಾಗಿಯೇ ಹಾಕಿದಳು. ಆಮೇಲೆ ಅವನು ರುಮಾಲನ್ನು ಅಕ್ಕನ ಮೇಲೆ ಉದ್ದಕ್ಕೆ ಹೊದಿಸಿದ.

ಚಟ್ಟ ಎದ್ದಿತು. ಹೆಗಲು ಕೊಟ್ಟ ಮುದುಕ ಪಟ್ಟಿಯೊಳಗಿಂದಲೇ ಗೋಪಮ್ಮನ ವಂಶವನ್ನೆಲ್ಲ ಬೈಯುತ್ತ ನಡೆದ.

“ಬೈರಿ ಮಾವಾ!” ಗೋಪಮ್ಮ ಹಿಂದಿನಿಂದ ಕೂಗಿದಳು. “ಇನ್ನಾ ಇಪ್ಪತ್ತು ವರ್ಷ ಬೈರಿ!”