ಗಡುವು ಮುಗಿಯದ ಬಿಡುಗಡೆ

"ಹೆಣಕ್ಕ ಎಂಥಾ ಡೈವೋರ್ಸಲೇ ಮುದುಕಿ? ಸರಿ ಅತ್ಲಾಗ."

ಮರುಳಸಿದ್ದಪ್ಪ ಮೂಗಿಗೆ ಕರ್ಚೀಫು ಹಿಡಿದು ಅಂಗಳದಲ್ಲೇ ನಿಂತಿದ್ದ. ಗಾದಿಗನೂರಿನ ಅದಿರಿನ ಯಾರ್ಡು ಅವನದು, ಊರ ಪಂಚಾಯ್ತಿಯೂ ಅವನದೇ. ಹಿಂದೆ ಅವನ ಟಿಪ್ಪರ್ ಡ್ರೈವರ್ ಜಂಬುನಾಥ, ಹಸಿರು ಸೀರೆ, ಬಳೆ, ಕುಂಕುಮವಿದ್ದ ಮೊರ ಹಿಡಿದಿದ್ದ. ಕಟ್ಟೆಯ ಮೇಲೆ ಗೋಡೆಗೆ ಒರಗಿಸಿದ್ದ ಪಂಪಾವತಿಯ ಹೆಣದ ಪಕ್ಕದಿಂದ ಅವಳ ತಾಯಿ ದುರುಗವ್ವ ಏಳಲಿಲ್ಲ.

ಏಳು ವರ್ಷದ ಹಿಂದೆ ಇದೇ ಜಂಬುನಾಥ ಹೆಂಡತಿಯನ್ನು ಜಾಕ್ ರಾಡಿನಿಂದ ಹೊಡೆದು ಹೊರಹಾಕಿದ್ದ. ತಿಂಗಳು ತುಂಬುವ ಮೊದಲೇ ಇನ್ನೊಬ್ಬಳನ್ನು ತಂದಿಟ್ಟುಕೊಂಡ. ಬಿಡುಗಡೆ ಮಾತ್ರ ಕೊಡಲಿಲ್ಲ. ಹೆಂಡತಿಯನ್ನು ಬಿಟ್ಟವನು ಗಂಡಸು. ಹೆಂಡತಿಯೇ ಬಿಟ್ಟುಹೋದವನು ಊರಿಗೆಲ್ಲ ನಗೆಪಾಟಲು. ಪಂಚಾಯ್ತಿಯಲ್ಲಿ ಬಿಡುಗಡೆ ಕೇಳಿದ ಪಂಪಾವತಿಗೆ ಮರುಳಸಿದ್ದಪ್ಪ ಕೋರ್ಟಿಗೆ ಹೋಗು ಎಂದ. ಹೊಸಪೇಟೆ ಕೋರ್ಟಿಗೆ ಹೋದರೆ, ಅದಿರು ಚೀನಾಕ್ಕೆ ಹೋಗುವ ಅವಸರ, ಡ್ರೈವರಿಗೆ ರಜೆಯಿಲ್ಲ ಎಂದು ಅವನೇ ಹೇಳಿಕಳಿಸಿದ. ವಾಯಿದೆಯ ಮೇಲೆ ವಾಯಿದೆ. ವಾಯಿದೆ ಇಲ್ಲದ ದಿನ ತಾಯಿ ಮಗಳು ಅದೇ ಯಾರ್ಡಿನಲ್ಲಿ ಅದಿರು ಜರಡಿ ಹಿಡಿದರು. ಕೆಂಧೂಳು ಮಗಳ ಎದೆಯಲ್ಲಿ ಗೂಡು ಕಟ್ಟಿತು.

ಹೋದ ತಿಂಗಳು ಬಿಡುಗಡೆಯ ಆದೇಶ ಬಂತು. ಪಂಪಾವತಿ ಕೋರ್ಟಿನ ಮೆಟ್ಟಿಲ ಮೇಲೆ ಕೂತು ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. ಅಪೀಲಿಗೆ ಮೂರು ತಿಂಗಳ ಗಡುವಿದೆ, ಅದು ಕಳೆದ ಮೇಲೇ ಎಲ್ಲ ಗಟ್ಟಿ ಎಂದರು ವಕೀಲರು. ಅಷ್ಟು ಉಸಿರು ತನ್ನಲ್ಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ. ಇಲ್ಲಿ ಗೆದ್ದವಳೇ ಸತ್ತಳು. ಸಾಯುವ ಹಿಂದಿನ ದಿನ ತಾಯಿಯ ಕೈ ಹಿಡಿದಿದ್ದಳು.

"ಯವ್ವಾ, ಆ ಹಾಟ್ಯಾನ ಹೇಣ್ತಿ ಅಂತ ನನ್ನ ಮಣ್ಣಿಗಿಡಬ್ಯಾಡ."

ಗಂಡನಿರುವಾಗ ಸತ್ತವಳು ಮುತ್ತೈದೆ. ಗಂಡನ ಮನೆಯ ಸೀರೆ ಉಡಿಸಿ, ಬಳೆ ತೊಡಿಸಿ, ಗಂಡನೇ ಮೊದಲ ಹಿಡಿ ಮಣ್ಣು ಹಾಕಬೇಕು. ಒದ್ದು ಹೊರಹಾಕಿದವನಿಗೆ ಈಗ ಆ ಮರ್ಯಾದೆ ಬೇಕಾಗಿತ್ತು.

"ಗಡುವು ಮುಗಿದಿಲ್ಲ, ಇನ್ನಾ ಇವನ ಹೇಣ್ತಿನ ಆಕಿ," ಅಂದ ಮರುಳಸಿದ್ದಪ್ಪ. "ಮುತ್ತೈದಿ ಸಾವು ಬಂದೈತಿ, ಪುಣ್ಯ ಮಾಡ್ಯಾಳ ಬೋಸುಡಿ. ಬಾಯಿ ಮುಚ್ಕೊಂಡು ಉಡಿಸು. ಇಲ್ಲಂದ್ರ ಹೆಣ ಹೊರಾಕ ಒಬ್ಬನೂ ಬರಂಗಿಲ್ಲ."

ಓಣಿಯವರು ನೆಲ ನೋಡಿದರು. ಎಲ್ಲರ ಅನ್ನವೂ ಆ ಯಾರ್ಡಿನಲ್ಲೇ ಇತ್ತು.

ದುರುಗವ್ವ ಕೈಚಾಚಿ ಮೊರ ಇಸಿದುಕೊಂಡಳು. ಮಗಳ ಹಣೆಗೆ ಕುಂಕುಮ ಇಟ್ಟಳು. ತಣ್ಣಗಿನ ಕೈಗಳಿಗೆ ಬಳೆ ತೊಡಿಸಿದಳು. ಸೊರಗಿದ ಕೈ, ಬಳೆಗಳು ಮೊಣಕೈವರೆಗೂ ಜಾರಿದವು. ಆಗ ಅವಳಿಗೆ ಅಳು ತಡೆಯಲಾಗಲಿಲ್ಲ. ಜಂಬುನಾಥನೂ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಅವನು ನೋಡುತ್ತಿದ್ದಂತೆಯೇ ದುರುಗವ್ವ ಮಗಳ ಕೈಗಳನ್ನು ಹಿಡಿದು ಕಟ್ಟೆಗಲ್ಲಿಗೆ ಬಡಿದಳು. ಬಳೆ ಚೂರುಚೂರಾದವು. ಸೆರಗಿನಿಂದ ಹಣೆಯ ಕುಂಕುಮ ಒರೆಸಿದಳು.

"ಗಡುವು ಮುಗೀತ್ರಿ ಸಾವ್ಕಾರ್ರ. ಇಕಿ ಗಂಡ ಸತ್ತಾನ."

ಜಂಬುನಾಥನ ಮುಖ ಸುಣ್ಣವಾಯಿತು. ಹೆಣ ಹೊರಲು ಯಾರೂ ಮುಂದೆ ಬರಲಿಲ್ಲ. ದುರುಗವ್ವ ತನ್ನ ಹಳೇ ಸೀರೆಯಿಂದ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಎದ್ದಳು. ಅವಳ ಮಡಿಲಲ್ಲಿ ಅಂಗಳದಿಂದ ಬಾಚಿಕೊಂಡ ಆ ಮೊದಲ ಹಿಡಿ ಮಣ್ಣಿತ್ತು.