ಕೇಳುತ್ತೇವೆ ಅಂದವರು

ವೃಷಭೇಂದ್ರಪ್ಪನವರು ಮೇಘನಳಿಗೆ ದೊಡ್ಡಪ್ಪ. ಕೊಪ್ಪದ ‘ಗುಡ್ಡಗಾಳಿ’ ಸಮುದಾಯ ರೇಡಿಯೋ ನಡೆಸುವ ಟ್ರಸ್ಟಿಗೆ ಅಧ್ಯಕ್ಷರೂ ಹೌದು. ಬಾಳೆಹೊನ್ನೂರಿನ ತಮ್ಮ ಕಾಳುಮೆಣಸಿನ ಮಂಡಿಯಲ್ಲಿ ಕೂತೇ ಅವರು ತೀರ್ಮಾನ ಹೇಳಿಬಿಟ್ಟರು: ಸಂಜೆ ಐದಕ್ಕೆ ಅವಳು ನಡೆಸುವ ರಾಕ್ ಕಾರ್ಯಕ್ರಮ ನಿಲ್ಲಿಸುವುದು, ಆ ಹೊತ್ತಿಗೆ ಭಜನೆ ಹಾಕುವುದು.

“ಯಾರೇ ಕೇಳ್ತಾರೆ ಅದನ್ನ? ಹಾಡು ಅಂದ್ಮೇಲೆ ಹಾಡ್ಬೇಕು. ಇವರು ಹಲ್ಲು ಕೀಳಿಸ್ಕೊಳ್ಳೋರ ಹಾಗೆ ಕೂಗ್ತಾರೆ.”

“ನೀವು ಎಷ್ಟು ದಿನ ಕೇಳಿದೀರಿ ದೊಡ್ಡಪ್ಪ?”

“ಒಂದಿನ. ಜೀವಮಾನಕ್ಕೆ ಸಾಕಾಯ್ತು ಮಾರಾಯ್ತಿ.”

ಹೋದ ವರ್ಷ ಟ್ರಸ್ಟಿನವರು ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿದ್ದರು. ಹೋದಲ್ಲೆಲ್ಲ ಜನ ಭಜನೆ ಬೇಕು ಅಂದಿದ್ದರು. ರಾಕ್ ಬೇಕು ಅಂದವರು ಇಲ್ಲವೆನ್ನುವಷ್ಟು ಕಡಿಮೆ.

“ಶನಿವಾರ ಸಭೆ ಇದೆ,” ಎಂದರು ವೃಷಭೇಂದ್ರಪ್ಪ. “ಅಷ್ಟರೊಳಗೆ ಕೇಳೋರನ್ನ ತೋರಿಸು. ತೋರಿಸಿದ್ರೆ ನಾನೇ ನಿನ್ನ ಪರ ಮಾತಾಡ್ತೀನಿ.”

ತೋರಿಸಿಯೇ ತೀರುತ್ತೇನೆ ಎಂದುಕೊಂಡು ಮೇಘನ ಮಂಡಿಯ ಮೆಟ್ಟಿಲಿಳಿದಳು.

ಗುಡ್ಡಗಾಳಿ ಹುಟ್ಟಿದ್ದು ಗಿಟಾರಿಗಾಗಿ ಅಲ್ಲ, ರೈತರಿಗಾಗಿ. ಶುರುವಿನಲ್ಲಿ ದನಗಳ ಲಸಿಕೆ, ಮೆಣಸಿನ ಬಳ್ಳಿಯ ರೋಗ, ಪೇಟೆಯ ದರ, ಇಷ್ಟೇ. ಒಂದು ಸಂಜೆ ಅಡಿಕೆಯ ಕೊಳೆರೋಗದ ಬಗ್ಗೆ ಮಾತಾಡಬೇಕಿದ್ದ ತಜ್ಞರು ರಸ್ತೆಗೆ ಮರ ಬಿದ್ದು ದಾರಿಯಲ್ಲೇ ಉಳಿದರು. ಯಂತ್ರದ ಮುಂದೆ ಕೂತಿದ್ದವನು ಅಡ್ಡಗದ್ದೆಯ ಕಶ್ಯಪ. ತೆರಪಾದ ಹೊತ್ತನ್ನು ತುಂಬಲು ಅವನು ತನ್ನ ಗೆಳೆಯರು ಹಾಸ್ಟೆಲಿನ ಊಟದ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದ ರಾಕ್ ಹಾಡುಗಳನ್ನು ಹಾಕಿದ. ಅಧ್ಯಕ್ಷರು ಆಗ ಕಾಶಿಯಾತ್ರೆಯಲ್ಲಿದ್ದರು, ಬೈಯುವವರಿರಲಿಲ್ಲ. ಮರುದಿನವೂ ಹಾಕಿದ. ಕಾಶಿಯಿಂದ ಅವರು ಮರಳುವ ಹೊತ್ತಿಗೆ ಅದು ಪದ್ಧತಿಯೇ ಆಗಿಹೋಗಿತ್ತು. ಬೇರೆ ಯಾವ ಸ್ಟೇಷನ್ನೂ ಮುಟ್ಟದ ಹಾಡುಗಳನ್ನು ಶಿವಮೊಗ್ಗದಿಂದ, ಮಂಗಳೂರಿನಿಂದ ಹುಡುಗರು ಕಳಿಸತೊಡಗಿದರು. ಕಾರು ಶೆಡ್ಡಿನಲ್ಲಿ, ತಾರಸಿಯ ಮೇಲೆ, ಖಾಲಿ ಕೋಳಿ ಫಾರಮ್ಮಿನಲ್ಲಿ ಕನ್ನಡದಲ್ಲೇ ಕಟ್ಟಿದ ಹಾಡುಗಳು.

ಮೇಘನ ಸೇರಿದ್ದು ಆಮೇಲೆ, ಪೇಟೆಯ ದರ ಓದಲು. ದರ ಓದುವಾಗ ಅವಳ ಬಾಯಿ ಬೇರೆ ಯಾರದೋ. ಸಂಜೆ ಐದಕ್ಕೆ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲು ಮಾತಾಡುವಾಗ ಮಾತ್ರ ಅದು ಅವಳದಾಗುತ್ತಿತ್ತು. ಬಿಟ್ಟುಕೊಡಲು ಅವಳ ಬಳಿ ಇನ್ನೊಂದು ಬಾಯಿ ಇರಲಿಲ್ಲ.

“ನಮ್ಮನೆಯಿಂದ ಶುರು ಮಾಡು. ಅಮ್ಮ ದಿನಾ ಕೇಳ್ತಾಳೆ. ಅವಳ ಮಾತು ರೆಕಾರ್ಡ್ ಮಾಡ್ಕೊಂಡು ಬಾ,” ಎಂದ ಕಶ್ಯಪ. ಅವನಿರುವುದು ಕೊಪ್ಪದ ಬಾಡಿಗೆ ರೂಮಿನಲ್ಲಿ. ಊರಿಗೆ ಹೋಗುವುದು ಭಾನುವಾರ. ಭಾನುವಾರ ರೇಡಿಯೋಗೂ ರಜೆ.

ಅಡ್ಡಗದ್ದೆಯಲ್ಲಿ ಅವನ ತಾಯಿ ಅಂಬುಜಾಕ್ಷಿ ಕಾಫಿ, ಕೋಡುಬಳೆ ತಂದಿಟ್ಟರು. ಮೇಘನ ಮೊಬೈಲಿನಲ್ಲಿ ರೆಕಾರ್ಡ್ ಒತ್ತಿದಳು.

“ಕೇಳ್ದೆ ಇರ್ತೀನಾ ಕೂಸೇ? ನಮ್ಮ ಮಾಣಿ ಕಶ್ಯಪಂದಲ್ವಾ. ದಿನಾ ಕೇಳ್ತೀನಿ. ನಿನ್ನ ಸ್ವರವೂ ಚಂದ.”

“ನಿನ್ನೆ ಯಾವ ಹಾಡು ಹಿಡಿಸ್ತು ಅಮ್ಮ?”

“ಎಲ್ಲಾದೂ ಹಿಡಿಸ್ತು. ಇನ್ನೊಂದು ಕೋಡುಬಳೆ ಹಾಕ್ಕೋ.”

ಗೋಡೆಯ ಗಡಿಯಾರ ಐದು ಹೊಡೆಯಿತು. ಕಪಾಟಿನ ಮೇಲೆ ಕಸೂತಿ ಬಟ್ಟೆ ಹೊದ್ದು ರೇಡಿಯೋ ಕೂತಿತ್ತು.

“ಈಗಲೇ ಹಾಕಿ ಅಮ್ಮ. ಒಟ್ಟಿಗೆ ಕೇಳೋಣ.”

“ಅದರ ಬ್ಯಾಟರಿ ಹೋಗಿದೆ ಕಾಣ್ತದೆ.”

ಮೇಘನಳ ಚೀಲದಲ್ಲಿ ಬ್ಯಾಟರಿ ಇತ್ತು. ಹಾಕಿ ತಿರುಗಿಸಿದಳು. ತಗಡಿನ ಮೇಲೆ ಮರಳು ಸುರಿದ ಹಾಗೆ ಸದ್ದು. ಮುಳ್ಳನ್ನು ಆ ತುದಿಯಿಂದ ಈ ತುದಿಗೆ ಒಯ್ದರೂ ಗುಡ್ಡಗಾಳಿ ಸಿಗಲಿಲ್ಲ. ಕಶ್ಯಪನಿಗೆ ಫೋನ್ ಮಾಡಿದರೆ ಹಾಡು ಹೋಗುತ್ತಲೇ ಇದೆ ಎಂದ.

“ಮೊದಲಿಂದ್ಲೂ ಹೀಗೇನಾ ಅಮ್ಮ?”

ಅಂಬುಜಾಕ್ಷಿ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು. “ಮೊದಲಿಂದ್ಲೂ. ನಡುವೆ ಗುಡ್ಡ ಇದೆಯಲ್ಲ, ಅದಕ್ಕೆ ನಿಮ್ಮ ಹಾಡು ಹಿಡಿಸೂದಿಲ್ಲ ಕಾಣ್ತದೆ.”

“ಮತ್ತೆ ಸಮೀಕ್ಷೆಯವರು ಬಂದಾಗ ಭಜನೆ ಕೇಳ್ತೀವಿ ಅಂದ್ರಂತೆ?”

“ಅಂದೆ. ಪಾಪ, ಬಿಸಿಲಲ್ಲಿ ನಡ್ಕೊಂಡು ಬಂದಿದ್ರು. ಭಜನೆ ಕೇಳ್ತೀರಲ್ಲ ಅಮ್ಮ ಅಂದ್ರು. ಮನೆಗೆ ಬಂದೋರಿಗೆ ಇಲ್ಲ ಅನ್ನೂದು ಹೇಗೆ? ಆಚೆಮನೆ ದತ್ತಮೂರ್ತಿಯವರೂ ಹೌದು ಅಂದ್ರು. ಅವರ ಮನೇಲಿ ರೇಡಿಯೋನೇ ಇಲ್ಲ.” ಬಟ್ಟೆಯನ್ನು ರೇಡಿಯೋಗೆ ಮತ್ತೆ ಹೊದಿಸುತ್ತ, “ಮಾಣಿಗೆ ಹೇಳ್ಬೇಡ,” ಎಂದರು.

“ಹೇಳ್ತೀನಿ ಅಮ್ಮ. ಹೇಳ್ದೆ ಇದ್ರೆ ಅವನು ಅಂಟೆನಾ ಎತ್ತರ ಮಾಡೋದು ಯಾವಾಗ?”

ವಾಪಸು ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಅವಳಿಗೆ ಎಲ್ಲ ಬಿಡಿಸಿಟ್ಟ ಹಾಗೆ ಕಂಡಿತು. ಈ ಕಡೆ ಯಾರ ಮನೆಗೆ ಹೋಗಿ ಏನು ಕೇಳಿದರೂ ಹೌದು ಎನ್ನುತ್ತಾರೆ. ಹೌದು ಎನ್ನುವುದು ಕಾಫಿ ಲೋಟದ ಜೊತೆಗೇ ಬರುತ್ತದೆ. ದೊಡ್ಡಪ್ಪನ ಸಮೀಕ್ಷೆಯಲ್ಲಿದ್ದದ್ದು ಭಜನೆಯ ಆಸೆಯಲ್ಲ, ಅತಿಥಿಸತ್ಕಾರ. ಹಾಗೆ ನೋಡಿದರೆ ತಾನೂ ಶನಿವಾರದೊಳಗೆ ಹತ್ತಾರು ಮನೆ ಹೊಕ್ಕು, ರಾಕ್ ಕೇಳ್ತೀರಲ್ಲ ಎಂದು ಕೇಳಿ, ಮೊಬೈಲ್ ತುಂಬ ಹೌದುಗಳನ್ನು ತುಂಬಿಕೊಂಡು ಸಭೆಯಲ್ಲಿ ಗೆದ್ದುಬಿಡಬಹುದು.

‘ದಿನಾ ಕೇಳ್ತೀನಿ’ ಎಂಬ ಅಂಬುಜಾಕ್ಷಿಯವರ ಮಾತನ್ನು ಅವಳು ಇನ್ನೊಮ್ಮೆ ಕೇಳಿದಳು. ಆಮೇಲೆ ಅಳಿಸಿದಳು.

ಮರುದಿನ ಮಧ್ಯಾಹ್ನ ಮಂಡಿಗೆ ಹೋಗಿ ನಿಂತಳು. “ದೊಡ್ಡಪ್ಪ, ಜೀಪು ತೆಗೀರಿ. ಕೇಳೋರನ್ನ ತೋರಿಸ್ತೀನಿ. ಆದ್ರೆ ಯಾರ ಮನೆ ಒಳಗೂ ಹೋಗೋ ಹಾಗಿಲ್ಲ.”

“ಮತ್ತೆ?”

“ರಸ್ತೇಲಿ ನಿಲ್ಸಿ ಕಿವಿ ಕೊಡೋದು.”

“ಕದ್ದು ಕೇಳೂದಾ? ಈ ವಯಸ್ಸಲ್ಲಿ?”

“ನಿಮ್ಮ ಎದುರಿಗೆ ಕೂತು ಯಾರು ಇಲ್ಲ ಅಂತಾರೆ ದೊಡ್ಡಪ್ಪ?” ಎಂದವಳೇ ಅಡ್ಡಗದ್ದೆಯ ಕಥೆ ಹೇಳಿದಳು. ಆಚೆಮನೆಯಲ್ಲಿ ರೇಡಿಯೋ ಇಲ್ಲದ ಸಂಗತಿ ಬಂದಾಗ ವೃಷಭೇಂದ್ರಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಸಮೀಕ್ಷೆಗೆಂದು ಹೋಗಿ ಆ ಮನೆಯಲ್ಲಿ ಬಾಳೆಲೆ ಹಾಕಿಸಿಕೊಂಡು ಉಂಡು ಬಂದಿದ್ದವರು ಅವರೇ.

ಐದಕ್ಕೆ ಹೊರಟರು. ಮೊದಲು ನಿಲ್ಲಿಸಿದ ಕಡೆ ಟಿವಿ ಧಾರಾವಾಹಿಯಲ್ಲಿ ಯಾರೋ ಅಳುತ್ತಿದ್ದರು. ಮುಂದಿನ ಕಡೆ ಕ್ರಿಕೆಟ್. ಆಮೇಲೊಂದು ಅಂಗಡಿಯಲ್ಲಿ ಮೊಬೈಲಿನಿಂದ ಭಜನೆ.

“ಕೇಳಿಸ್ತಾ?” ಎಂದರು ದೊಡ್ಡಪ್ಪ, ಹುಬ್ಬು ಹಾರಿಸಿ.

“ಕೇಳಿಸ್ತು. ಮುಂದೆ ನಡೀರಿ.”

ಭಂಡಿಗಡಿಯ ತಿರುವಿನಲ್ಲಿ ಒಂದು ಶೆಡ್ಡು. ಒಳಗೆ ಅಡಿಕೆ ಸುಲಿಯುವ ಮಷಿನ್ ಗಡಗಡ ಎನ್ನುತ್ತಿತ್ತು. ಜೀಪಿನ ಇಂಜಿನ್ ನಿಂತ ಮೇಲೆ ಆ ಗಡಗಡದ ಮೇಲೆ ಇನ್ನೊಂದು ಸದ್ದು ಎದ್ದು ಬಂತು: ಡ್ರಮ್ಮು, ಅದರ ಬೆನ್ನಿಗೆ ಗಿಟಾರು, ಅದರ ಮೇಲೆ ಕೋಳಿ ಫಾರಮ್ಮಿನಲ್ಲಿ ಹಾಡಿ ಕಳಿಸಿದ್ದ ಹುಡುಗನ ಕೂಗು.

“ಜೋರು ಮಾಡೇ ಸಿರಿ. ಮಷಿನ್ನೇ ಹಾಡ್ತಿರೂ ಹಾಗಿದೆ,” ಒಳಗಿಂದ ಒಬ್ಬ ಹೆಂಗಸಿನ ಗಂಟಲು.

“ಇನ್ನೂ ಜೋರು ಮಾಡಿದ್ರೆ ಪೆಟ್ಟಿಗೆ ಒಡೀತದೆ ಕಮಲಕ್ಕ.”

ಸದ್ದು ಏರಿತು. ವೃಷಭೇಂದ್ರಪ್ಪ ಜೀಪಿನ ಬಾಗಿಲಿಗೆ ಕೈ ಹಾಕಿದರು. ಮೇಘನ ಅವರ ತೋಳು ಹಿಡಿದಳು.

“ಒಂದು ಮಾತು ಕೇಳಿ ಬರ್ತೀನಿ ಇರು.”

“ಕೇಳಿದ್ರೆ ಕಾಫಿ ಕೊಡ್ತಾರೆ. ಆಮೇಲೆ ಭಜನೆ ಬೇಕಾ ಅಂದ್ರೂ ಹೌದು ಅಂತಾರೆ.”

ಅವರು ಕೈ ಹಿಂದೆಗೆದರು. “ಮಷಿನ್ ಗಲಾಟೆಲಿ ಬೇರೆ ಎಂತದೂ ಕೇಳ್ಸೂದಿಲ್ಲ ಅಂತ ಹಾಕ್ಕೊಂಡಿರ್ಬಹುದು.”

“ಇರ್ಬಹುದು. ಯಾಕೆ ಹಾಕ್ಕೊಂಡ್ರಿ ಅಂತ ನಾನು ಕೇಳೋದಿಲ್ಲ.”

ಹಾಡು ಮುಗಿಯಿತು. ಅವಳ ಬದಲು ಇವತ್ತೂ ಕಶ್ಯಪನೇ ಮಾತಾಡುತ್ತಿದ್ದ, ತಡವರಿಸುತ್ತ.

“ಇವನು ಬಾಯಿ ತೆಗೆದ್ರೆ ನಂಗೆ ಆಕಳಿಕೆ ಬರ್ತದೆ,” ಎಂದರು ಕಮಲಕ್ಕ. “ಆ ಹುಡುಗಿ ಎಲ್ಲಿ ಹೋದ್ಲೋ. ಅವಳಾದ್ರೆ ಜಗಳ ಆಡೋರ ಹಾಗೆ ಮಾತಾಡ್ತಾಳೆ, ನಿದ್ದೆ ಬರೂದಿಲ್ಲ.”

ದೊಡ್ಡಪ್ಪ ಮೇಘನಳ ಕಡೆ ತಿರುಗಲಿಲ್ಲ. ನಗು ತಡೆಯಲು ಕೆಮ್ಮಿದರು. ಅವಳು ಎದುರಿನ ಗಾಜನ್ನೇ ನೋಡುತ್ತ ಕೂತಳು. ಕಣ್ಣು ಒರೆಸಿಕೊಂಡರೆ ಅವರಿಗೆ ಗೊತ್ತಾಗುತ್ತಿತ್ತು.

“ಸಭೇಲಿ ಸಮೀಕ್ಷೆ ಮಾತು ನಾನು ಎತ್ತೂದಿಲ್ಲ,” ಎಂದರು ಅವರು ಕೊನೆಗೆ. “ಭಜನೆ ಬೆಳಿಗ್ಗೆ ಇಟ್ಕೊಳ್ಳೋಣ. ಆದ್ರೆ ಒಂದು ಶೆಡ್ಡು ಇಟ್ಕೊಂಡು ಉಳಿದೋರ ಹತ್ರ ನಾನು ಎಂತ ವಾದ ಮಾಡ್ಲಿ?”

“ಒಂದೇ ಯಾಕೆ? ಏಳರವರೆಗೂ ಹಾಡು ಹೋಗ್ತದೆ. ಇವತ್ತು ಈ ರಸ್ತೆ ಪೂರ್ತಿ. ನಾಳೆ ಮುತ್ತಿನಕೊಪ್ಪ ಕಡೆ.”

“ನಾಳೆ ಮಂಡಿ ಯಾರು ನೋಡ್ತಾರೆ, ನಿಮ್ಮಪ್ಪನಾ?”

“ಹೌದು. ಹೇಳಿಯೇ ಬಂದಿದೀನಿ.”

ಅವರು ಗೊಣಗುತ್ತ ಜೀಪು ಹೊರಡಿಸಿದರು. ಸ್ವಲ್ಪ ದೂರದಲ್ಲಿ ಮರ ಕೊಯ್ಯುವ ಮಿಲ್ಲಿನ ದೀಪ ಕಂಡಿತು. ಮೇಘನ ನಿಲ್ಲಿಸಿ ಎನ್ನಲು ಬಾಯಿ ತೆರೆಯುವ ಮೊದಲೇ ವೃಷಭೇಂದ್ರಪ್ಪ ಇಂಜಿನ್ ಆರಿಸಿ, ಇಳಿಜಾರಿನಲ್ಲಿ ಜೀಪನ್ನು ಸದ್ದಿಲ್ಲದೆ ಜಾರಲು ಬಿಟ್ಟು, ತಮ್ಮ ಕಡೆಯ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದರು.