ತೂತಿಲ್ಲದ ಬೆಳ್ಳಿಹಾಳೆ

ಕಬ್ಬಿನ ಗದ್ದೆಗಳಿಗೆ ಬೆಂಕಿಯಿಡುವ ಸುಗ್ಗಿಕಾಲ. ಹಾರಿಬಂದ ಕರಿಬೂದಿ ಅಂಗಳದ ತುಂಬ ಬೀಳುತ್ತಿತ್ತು. ಅದರ ನಡುವೆ ನಿಕಾನೋರ್, ಸಾವಿಗೆ ಬಂದವರ ಊಟಕ್ಕೆಂದು, ಹಂದಿಯ ಕತ್ತಿನ ಮೇಲೆ ಮಂಡಿಯೂರಿ ಚೂರಿ ಹಾಕಿದ. ಚೂರಿ ಎಲುಬಿಗೆ ತಾಗಿ ಜಾರಿತು. ಹಂದಿ ಕಿರುಚಿ ಒದ್ದುಕೊಂಡಿತು. ಮತ್ತೆ ಹಾಕಿದ. ರಕ್ತ ಅವನ ಮೊಣಕೈವರೆಗೆ ಚಿಮ್ಮಿತು.

"ಗುರಿ ತಪ್ತಲ್ಲೋ," ಎಂದ ಬೋಗುಣಿ ಹಿಡಿದಿದ್ದ ನೆರೆಮನೆಯ ಮುದುಕ ತಿಬುರ್ಸಿಯೊ. "ಎರಡೆರಡು ಸಲ ಹಾಕಿಸ್ಕೊಳ್ಳೋಕೆ ನಿಮ್ಮಣ್ಣನ್ನ ಕಡಿದ ಸೆವೆರೊ ಏನು ಹಿಂಗೆ ಕಾಲು ಕಟ್ಟಿಸ್ಕೊಂಡು ಬಿದ್ದಿರ್ತಾನಾ?"

ಹಂದಿ ಹಿಡಿದಿದ್ದವರು ನಕ್ಕರು. ನಿಕಾನೋರ್ ನಗಲಿಲ್ಲ.

ಒಳಗೆ, ನೆಲದ ಮೇಲೆ ಸುಣ್ಣದಲ್ಲಿ ಬರೆದ ಶಿಲುಬೆಯ ಮೇಲೆ, ಅವನ ಅಣ್ಣ ಎಲಾದಿಯೊ ಪೆಟ್ಟಿಗೆಯಲ್ಲಿ ಮಲಗಿದ್ದ. ಮಚ್ಚು ಬಾಯಿಂದ ಕಿವಿಯವರೆಗೆ ಸೀಳಿದ್ದರಿಂದ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಮಣಿಕಟ್ಟಿಗೇ ತುಂಡಾಗಿದ್ದ ಎಡಗೈಯನ್ನು ಹೆಂಡತಿ ದೊಮಿತಿಲಾ ತೊಳೆದು, ಜಪಮಣಿ ಸುತ್ತಿ, ಬಲಗೈಗೆ ಸೇರಿಸಿ ಕಟ್ಟಿದ್ದಳು. ಪೊಲೀಸರು ಬಂದು ಕಾಫಿ ಕುಡಿದು, ಕೊಲೆ ನಡೆದ ಸೇತುವೆ ತಮ್ಮ ಠಾಣೆಗೆ ಸೇರಿದ್ದಲ್ಲ ಎಂದು ಹೇಳಿ ಹೋಗಿದ್ದರು.

"ಮೀನು ಸತ್ತದ್ದಕ್ಕೆ ಮನುಷ್ಯನ್ನ ಕಡೀತಾರೇನ್ರೀ?"

"ಹೊಳೆ ಕೆಳಗಿನ ಸಪೋತಾಲಿನೋರಿಗೆ ಮೀನೇ ರೊಟ್ಟಿ ಕಣಮ್ಮ."

"ಎಲಾದಿಯೊ ಸುಳ್ಳು ಹೇಳೋ ಆಸಾಮಿ ಅಲ್ಲ."

"ಅವನು ಹೇಳ್ಲಿಲ್ಲ. ಅವನ ಹಾಳೆ ಹೇಳ್ತಲ್ಲ!"

ಒಳಗೆ ಹೆಣದ ಸುತ್ತ ಕೂತವರ ಈ ಮಾತು ಕಿಟಕಿಯಿಂದ ಕೇಳಿ ನಿಕಾನೋರ್ ಬಿಸಿನೀರಿನ ಹಂಡೆಯ ಕಡೆ ತಿರುಗಿಕೊಂಡ.

*

ಸಕ್ಕರೆ ಗಿರಣಿಯ ಕೊಳೆನೀರಿನ ತೊಟ್ಟಿ ನೋಡಿಕೊಳ್ಳುವುದು ಎಲಾದಿಯೊನ ಕೆಲಸ. ಮೊದಲು ಬೂದಿ, ಮಣ್ಣು, ನಾರು ಎಲ್ಲವೂ ಹಾಗೇ ಹೊಳೆ ಸೇರುತ್ತಿತ್ತು. ಪ್ರತಿ ಸುಗ್ಗಿಗೂ ಕೆಳದಂಡೆಯ ಸಪೋತಾಲಿನವರೊಂದಿಗೆ ಕಲ್ಲು, ಕೋವಿ, ಒಂದೆರಡು ಹೆಣ. ಆಮೇಲೆ ತೊಟ್ಟಿಯೊಳಕ್ಕೆ ಕರೆಂಟಿನಿಂದ ಕಂಪಿಸುವ ಉಕ್ಕಿನ ಫಲಕಗಳನ್ನು ಇಳಿಸಿದರು. ಅವು ಹೊರಡಿಸುವ ಸದ್ದು ಮನುಷ್ಯರ ಕಿವಿಗೆ ಕೇಳಿಸದು. ನಾಯಿಗಳು ಮಾತ್ರ ಅತ್ತ ಸುಳಿಯುತ್ತಿರಲಿಲ್ಲ. ಆ ಶ್ರವಣಾತೀತ ಅಲೆಗಳಿಗೆ ಸಿಕ್ಕಿದ ಕೊಳೆ ಕಣಕ್ಕೆ ಕಣ ಅಂಟಿ, ಗಡ್ಡೆಕಟ್ಟಿ ತಳಕ್ಕೆ ಕೂರುತ್ತಿತ್ತು. ಮೇಲೆ ತಿಳಿನೀರು.

ಕೇಳಿಸದ ಸದ್ದನ್ನು ನಂಬುವುದು ಹೇಗೆ? ಎಲಾದಿಯೊ ಸಿಗರೇಟು ಪೊಟ್ಟಣದ ಬೆಳ್ಳಿಹಾಳೆಯನ್ನು ತೊಟ್ಟಿಗೆ ಇಳಿಬಿಡುತ್ತಿದ್ದ. ಫಲಕಗಳು ದುಡಿಯುತ್ತಿದ್ದರೆ ಹಾಳೆ ನುಸಿ ತಿಂದಂತೆ ತೂತುತೂತಾಗುತ್ತಿತ್ತು. ಶನಿವಾರ ಸಂಜೆ ಅದನ್ನು ಸೇತುವೆಯ ಕಂಬಿಗೆ ಕಟ್ಟುತ್ತಿದ್ದ. ತೂತು ಕಂಡರೆ ಸಪೋತಾಲಿನವರು ತಮ್ಮ ಮೀನುಕೊಳದ ತೂಬು ತೆಗೆದು ಹೊಳೆನೀರು ಬಿಟ್ಟುಕೊಳ್ಳುತ್ತಿದ್ದರು. ಹಾಳೆ ಬಂದಮೇಲೆ ಹೆಣ ಬಿದ್ದಿರಲಿಲ್ಲ.

"ತಾನು ಸೇದಲ್ಲ, ಹಾಳೆ ಆಸೆಗೆ ಊರನ್ನೆಲ್ಲ ಸೇದಿಸ್ತಾನೆ ನಿನ್ನ ಗಂಡ," ಎಂದು ಹೆಂಗಸರು ದೊಮಿತಿಲಾಳನ್ನು ರೇಗಿಸುತ್ತಿದ್ದರು.

ಮೊನ್ನೆ ಶನಿವಾರ ಫಲಕಗಳು ಸುಟ್ಟುಹೋದವು. ಸುಗ್ಗಿಯ ನಡುವೆ ಗಿರಣಿ ನಿಲ್ಲಿಸುವವರಾರು? ಹಳೆಯ ಹಾಳೆಯನ್ನೇ ಕಟ್ಟು, ಇಲ್ಲವಾದರೆ ಸಪೋತಾಲಿನವರು ಗಿರಣಿಗೆ ನುಗ್ಗುತ್ತಾರೆ ಎಂದ ಮೇಸ್ತ್ರಿ. ಎಲಾದಿಯೊ ಒಪ್ಪಲಿಲ್ಲ. ಹಾಳೆ ಕಾಣದಿದ್ದರೆ ಅವರು ತೂಬು ತೆಗೆಯುವುದಿಲ್ಲ, ಬೆಳಿಗ್ಗೆ ಪಾಳಿ ಮುಗಿಸಿ ನಾನೇ ಹೋಗಿ ಹೇಳುತ್ತೇನೆ ಎಂದ.

ಮೇಸ್ತ್ರಿ ಗಿರಣಿಯ ಬಾಗಿಲಿಗೆ ಬಂದ. ಅಲ್ಲಿ ಲಾರಿಗಳ ಸಾಲಿನ ತುದಿಯಲ್ಲಿ ನಿಕಾನೋರನ ಸುಟ್ಟ ಕಬ್ಬು ಬಿಸಿಲಿಗೆ ಹುಳಿ ವಾಸನೆ ಹೊಡೆಯುತ್ತಿತ್ತು.

"ನಿನ್ನ ಲಾರೀನ ಈಗಲೇ ಒಳಗೆ ಬಿಡ್ತೀನಿ. ನಿಮ್ಮಣ್ಣನ ಡಬ್ಬಿಯಿಂದ ಒಂದು ಹಳೇ ತೂತಿನ ಹಾಳೆ ಎತ್ಕೊಂಡು ಕಟ್ಟಿ ಬಾ. ಒಂದು ದಿನದ ನೀರಿಗೆ ಏನಾಗಿಬಿಡ್ತದೆ?"

ನಿಕಾನೋರ್ ಹೋದ. ಕಟ್ಟಲು ದಾರವಿರಲಿಲ್ಲ. ಲಾರಿಯ ತಂತಿಯಿಂದ ಬಿಗಿದು ಬಂದ.

ಬೆಳಗಾಗುವಷ್ಟರಲ್ಲಿ ಕೊಳದ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಎಲಾದಿಯೊ ಪಾಳಿ ಮುಗಿಸಿ ಸೇತುವೆಗೆ ಬಂದಾಗ ಕೊಳದ ಯಜಮಾನ ಸೆವೆರೊ ಮಚ್ಚು ಹಿಡಿದು ಕಾಯುತ್ತಿದ್ದ.

*

ಹಿತ್ತಲಲ್ಲಿ ದೊಮಿತಿಲಾ ಮೈದುನನ ಕೈಗೆ ಚೊಂಬಿನಿಂದ ನೀರು ಹೊಯ್ದಳು.

"ಸೆವೆರೊನ್ನ ಕಡಿಯೋಕೆ ಹೋಗ್ತೀಯಂತೆ."

"ಎಲ್ರೂ ಅದನ್ನೇ ಕಾಯ್ತಾ ಇದಾರಲ್ಲ ಅತ್ತಿಗೆ."

"ನಿಮ್ಮಣ್ಣ ಯಾವತ್ತೂ ನನ್ನ ಹೊಲಿಗೆ ದಾರದಲ್ಲೇ ಹಾಳೆ ಕಟ್ತಿದ್ರು. ಕೆಂಪು ದಾರ. ಸೇತುವೆ ಮೇಲಿರೋದು ತಂತಿ."

ನಿಕಾನೋರ್ ಕೈ ಉಜ್ಜುತ್ತಲೇ ಇದ್ದ. ಅವಳು ರವಿಕೆಯೊಳಗಿಂದ ಮಡಿಸಿದ ಬೆಳ್ಳಿಹಾಳೆ ತೆಗೆದಳು. ಅಂಚಿನಲ್ಲಿ ರಕ್ತ ಒಣಗಿತ್ತು. ಒಂದೇ ಒಂದು ತೂತಿರಲಿಲ್ಲ.

"ಅವರ ಜೇಬಲ್ಲಿತ್ತು. ತೂಬು ತೆಗೀಬೇಡಿ ಅಂತ ಹೇಳೋಕೆ ಹೋಗ್ತಿದ್ರು ಕಣೋ, ಪಾಪಿ!"

ಚೊಂಬು ಎತ್ತಿ ಅವನ ಹಣೆಗೆ ಅಪ್ಪಳಿಸಿದಳು. ಹುಬ್ಬು ಸೀಳಿತು. ಇನ್ನೊಂದು ಏಟಿಗೂ ಅವನು ತಲೆ ಕೊಟ್ಟು ನಿಂತ. ಅವಳು ಹೊಡೆಯಲಿಲ್ಲ.

"ಏನು ಸದ್ದು?" ಎಂದು ತಿಬುರ್ಸಿಯೊ ಕೂಗಿದ.

"ಕಾಲು ಜಾರಿ ಬಿದ್ದ," ಎಂದಳು ದೊಮಿತಿಲಾ. ಹಾಳೆಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು. "ಹೋಗು. ಪೆಟ್ಟಿಗೆಗೆ ಮುಂದಿನ ಹೆಗಲು ನೀನೇ ಕೊಡು."

ಸ್ಮಶಾನಕ್ಕೆ ಹೊಳೆ ದಾಟಿಯೇ ಹೋಗಬೇಕು. ಸೇತುವೆಯ ಆಚೆ ತುದಿಯಲ್ಲಿ ಸೆವೆರೊ ತನ್ನವರೊಂದಿಗೆ ನಿಂತಿದ್ದ. ಮಚ್ಚುಗಳು ಒರೆಯಲ್ಲಿರಲಿಲ್ಲ. ಗಾಳಿಗೆ ಸತ್ತ ಮೀನಿನ ನಾತ.

"ಹೆಣ ದಾಟ್ಲಿ ಬಿಡ್ರೋ," ಎಂದು ಅವನು ಉಗುಳಿದ. "ಸುಳ್ಳುಗಾರಂದಾದ್ರೂ ಹೆಣ ಹೆಣಾನೇ."

"ಈಗ ಹಾಕೋ ನಿಕಾನೋರ್," ಎಂದು ತಿಬುರ್ಸಿಯೊ ಬೆನ್ನ ಹಿಂದೆ ಪಿಸುಗುಟ್ಟಿದ. "ಹಂದಿ ಅಂದ್ಕೊಂಡು ಹಾಕು."

ನಿಕಾನೋರ್ ಪೆಟ್ಟಿಗೆಯನ್ನು ಇನ್ನೊಬ್ಬನ ಹೆಗಲಿಗೆ ದಾಟಿಸಿ ಕಂಬಿಯ ಹತ್ತಿರ ಹೋದ. ಸೊಂಟದ ಚೂರಿ ತೆಗೆದಾಗ ಆಚೆಯ ಮಚ್ಚುಗಳು ಒಟ್ಟಿಗೆ ಮೇಲೆದ್ದವು. ಅವನು ಚೂರಿಯ ತುದಿಯಿಂದ ತಂತಿ ಮೀಟಿ ತೂತಿನ ಹಾಳೆಯನ್ನು ಬಿಡಿಸಿದ, ಚೂರಿಯನ್ನು ಹೊಳೆಗೆಸೆದ. ಅಣ್ಣನ ಜೇಬಿನ ಹಾಳೆಯ ಮಡಿಕೆ ಬಿಡಿಸಿ, ಅದೇ ತಂತಿಯಿಂದ, ಲಾರಿಯವರು ಹೊರೆ ಬಿಗಿಯುವಂತೆ ಎಡಕ್ಕೆ ತಿರುಚಿ, ತುದಿಯನ್ನು ಒಳಕ್ಕೆ ಮಡಿಚಿ ಕಟ್ಟಿದ.

ಸೆವೆರೊ ಹತ್ತಿರ ಬಂದ. ರಕ್ತದ ಕಲೆ ನೋಡಿದ. ಆಮೇಲೆ ಗಂಟನ್ನು ನೋಡಿದ. ಶನಿವಾರ ಕಂಡದ್ದೂ ಅದೇ ತಿರುಚು.

"ಅವತ್ತಿನದೂ ನೀನೇ ಕಟ್ಟಿದ್ದಾ?"

ನಿಕಾನೋರ್ ಅಂಗಿಯ ತೋಳು ಮಡಿಚಿ ಎಡಗೈಯನ್ನು ಕಂಬಿಯ ಮೇಲಿಟ್ಟ. ಹಿಂದೆ ಪೆಟ್ಟಿಗೆ ಹೊತ್ತವರು ಹೆಗಲು ಬದಲಿಸದೆ ನಿಂತರು. ಸೆವೆರೊನ ಮಚ್ಚು ಎತ್ತಿದಂತೆಯೇ ಇತ್ತು. ಅದರ ಅಲಗಿನ ಮೇಲೂ, ಚಾಚಿದ ಮಣಿಕಟ್ಟಿನ ಮೇಲೂ ಕರಿಬೂದಿ ಬೀಳುತ್ತಿತ್ತು. ನಡುವೆ ಹಾಳೆ, ತೂತಿಲ್ಲದೆ, ಬಿಸಿಲಿಗೆ ಥಳಥಳನೆ ತಿರುಗುತ್ತಿತ್ತು.